ಪಟ್ಟಿಯ ನಡುವಿನ ಸಾಲುಗಳು

2000ದ ನವೆಂಬರ್ 13. ಬಾಂಗ್ಲಾದೇಶ ತನ್ನ ಚರಿತ್ರೆಯ ಮೊದಲ ಟೆಸ್ಟ್ ಪಂದ್ಯವನ್ನು ಢಾಕಾದಲ್ಲಿ ಆಡಿ ಸೋತಿತ್ತು. ಭಾರತ ತಂಡದಲ್ಲಿ ತೆಂಡೂಲ್ಕರ್ ಇದ್ದರು, ದ್ರಾವಿಡ್ ಇದ್ದರು, ಅದೇ ಪಂದ್ಯದಿಂದ ಟೆಸ್ಟ್ ನಾಯಕತ್ವ ಶುರು ಮಾಡಿದ ಗಂಗೂಲಿ ಇದ್ದರು. ಪಂದ್ಯಶ್ರೇಷ್ಠ ಪ್ರಶಸ್ತಿ ಬಂದದ್ದು ಮಾತ್ರ ಗದಗಿನ ಸುನಿಲ್ ಜೋಶಿಗೆ. ಎರಡು ಇನಿಂಗ್ಸ್‌ನಲ್ಲಿ ಎಂಟು ವಿಕೆಟ್, ಬ್ಯಾಟಿನಿಂದ 92 ರನ್. ಅದೇ ತಿಂಗಳ 29ರಂದು ನಾಗಪುರದಲ್ಲಿ ಜಿಂಬಾಬ್ವೆ ವಿರುದ್ಧದ ಟೆಸ್ಟ್ ಡ್ರಾ ಆಯಿತು. ಜೋಶಿ ಆಡಿದ ಕೊನೆಯ ಟೆಸ್ಟ್ ಅದು. ಪ್ರಶಸ್ತಿ ಹಿಡಿದ ದಿನಕ್ಕೂ ಟೆಸ್ಟ್ ಬದುಕು ಮುಗಿದ ದಿನಕ್ಕೂ ನಡುವೆ ಬರೀ ಹದಿನಾರು ದಿನ.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಆ ಎರಡು ದಿನಗಳನ್ನು ನೋಡಿದರೆ ಸಾಲದು. ಆಟಗಾರನ ಸೀಸನ್‌ವಾರು ಪಟ್ಟಿಯನ್ನು ಮೊದಲ ಸಾಲಿನಿಂದ ಓದಬೇಕು. ಕ್ರೀಡಾಪುಟದ ಓದುಗರು ಸಾಮಾನ್ಯವಾಗಿ ಪಟ್ಟಿಯ ತಲೆಗೆ ಇರುವ ಹೆಸರು ಮತ್ತು ಬುಡದಲ್ಲಿರುವ ಒಟ್ಟು ಮೊತ್ತ ನೋಡಿ ಪುಟ ತಿರುವುತ್ತಾರೆ. ನಡುವಿನ ಸಾಲುಗಳಲ್ಲೇ ಕತೆ ಇರುತ್ತದೆ.

ಕೊಪ್ಪಳದವರಿಗೆ ಗದಗ ಪರವೂರಲ್ಲ. ರೈಲು ಹತ್ತಿದರೆ ಭಾನಾಪುರ, ಬನ್ನಿಕೊಪ್ಪ, ಹರ್ಲಾಪುರ ದಾಟಿ ಗದಗ. ಕುಷ್ಟಗಿ ಕಡೆಯವರು ಗಜೇಂದ್ರಗಡದ ಮೇಲೆ ಹಾಯ್ದು ಅಲ್ಲಿಗೆ ಸೇರುತ್ತಾರೆ. ಎರಡೂ ಊರು ಜಿಲ್ಲಾ ಕೇಂದ್ರಗಳಾದದ್ದು 1997ರಲ್ಲೇ. ಕೊಪ್ಪಳ ರಾಯಚೂರಿನಿಂದ, ಗದಗ ಧಾರವಾಡದಿಂದ ಬೇರ್ಪಟ್ಟವು. ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಇವತ್ತಿಗೂ ಗದಗ ಧಾರವಾಡ ವಲಯಕ್ಕೆ, ಕೊಪ್ಪಳ ರಾಯಚೂರು ವಲಯಕ್ಕೆ ಸೇರುತ್ತದೆ. ರೈಲು ಹಳಿ ಒಂದೇ, ಆಯ್ಕೆಯ ಏಣಿ ಬೇರೆ ಬೇರೆ. ಆದರೆ ಬಯಲುಸೀಮೆಯ ಒಬ್ಬ ಹುಡುಗ ಬೆಂಗಳೂರಿನ ಕ್ಲಬ್ಬುಗಳ ನೆರಳಿನಲ್ಲಿ ಬೆಳೆಯದೆ ಭಾರತ ತಂಡದವರೆಗೆ ಹೋದ ಪಟ್ಟಿ ಎಂದರೆ, ಈ ಭಾಗದವರಿಗೆ ತೀರ ಹತ್ತಿರದ್ದು ಜೋಶಿಯವರದೇ.

ಅವರು ಹುಟ್ಟಿದ್ದು 1970ರ ಜೂನ್ 6ರಂದು. ಶಾಲೆಯ ದಿನಗಳಲ್ಲಿ ಬೆಳಗಾಗುತ್ತಲೇ ಗದಗ ಬಿಟ್ಟು ಹುಬ್ಬಳ್ಳಿಗೆ ಹೋಗುವುದು, ಅಲ್ಲಿ ಅಭ್ಯಾಸ ಮುಗಿಸುವುದು, ಮತ್ತೆ ಗದಗಕ್ಕೆ ಬಂದು ಶಾಲೆಯ ಗಂಟೆಗೆ ಹಾಜರಾಗುವುದು: ಇದು ಅವರ ದಿನಚರಿಯಾಗಿತ್ತು. ಒಂದು ಕಡೆಗೆ ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್. ಪಟ್ಟಿಯಲ್ಲಿ ಇದಕ್ಕೆ ಕಲಂ ಇಲ್ಲ. ಮೊದಲ ಸಾಲು ಶುರುವಾಗುವುದೇ 1992-93ಕ್ಕೆ. ಆಗ ಅವರಿಗೆ 22 ವರ್ಷ. ಎಡಗೈ ಸ್ಪಿನ್ನರ್, ಎಡಗೈ ಬ್ಯಾಟರ್.

ಸೀಸನ್ನನ್ನು ಹೀಗೆ ಎರಡು ವರ್ಷ ಜೋಡಿಸಿ ಬರೆಯುವುದೇಕೆ ಎಂದು ಹೊಸ ಓದುಗರು ಕೇಳುವುದುಂಟು. ನಮ್ಮ ದೇಶಿ ಕ್ರಿಕೆಟ್ ಮಳೆಗಾಲ ಕಳೆದ ಮೇಲೆ ಶುರುವಾಗಿ ಯುಗಾದಿಯ ಆಸುಪಾಸಿಗೆ ಮುಗಿಯುತ್ತದೆ. ಕ್ಯಾಲೆಂಡರ್ ನಡುವೆ ಬದಲಾಗುತ್ತದೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯದೂ ಇದೇ ಕ್ರಮ: ಚಳಿಗಾಲ ದಾಟಿ ಬೇಸಿಗೆಗೆ ಬಂದು ನಿಲ್ಲುತ್ತದೆ. ಸೀಸನ್‌ವಾರು ಪಟ್ಟಿಯನ್ನು ಒಂದು ಶಾಸ್ತ್ರದಂತೆ ಬೆಳೆಸಿದವರಲ್ಲಿ ಆ ಲೀಗಿನವರು ಮುಂದು. ಆಡಿದ ಪಂದ್ಯ, ಪಂದ್ಯಕ್ಕೆ ಸರಾಸರಿ ಅಂಕ, ರೀಬೌಂಡ್, ಅಸಿಸ್ಟ್, ಕೊನೆಗೆ ಆ ವರ್ಷದ ಗೌರವಗಳು, ಹೀಗೆ ಒಬ್ಬ ಆಟಗಾರನ ಇಡೀ ಬದುಕು ಹದಿನೈದು ಸಾಲಿಗೆ ಬಂದು ಕೂರುತ್ತದೆ.

1995-96 ಎಂಬ ಸಾಲನ್ನೇ ತೆಗೆದುಕೊಳ್ಳಿ. ಮೈಕೆಲ್ ಜೋರ್ಡನ್ ಅವರ ಪಟ್ಟಿಯಲ್ಲಿ ಅದರ ಮುಂದೆ ಇರುವುದು: 82 ಪಂದ್ಯ, ಪಂದ್ಯಕ್ಕೆ ಸರಾಸರಿ 30.4 ಅಂಕ. ಅವರ ತಂಡ ಶಿಕಾಗೊ ಬುಲ್ಸ್ 82ರಲ್ಲಿ 72 ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಲೀಗಿನ ಅತ್ಯಮೂಲ್ಯ ಆಟಗಾರ, ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ, ಫೈನಲ್ಸ್‌ನ ಶ್ರೇಷ್ಠ, ಮೂರೂ ಗೌರವ ಅವರಿಗೇ. ಸಾಲಿನ ಕೊನೆಯ ಕಲಮಿನಲ್ಲಿ ಜಾಗ ಸಾಲದು.

ಅದೇ 1995-96. ಜೋಶಿಯವರ ಸಾಲಿನಲ್ಲಿ ರಣಜಿ ಟ್ರೋಫಿಯ ಲೆಕ್ಕ: 529 ರನ್, 52 ವಿಕೆಟ್. ಒಂದೇ ಸೀಸನ್ನಿನಲ್ಲಿ ಐನೂರು ರನ್ ಮತ್ತು ಐವತ್ತು ವಿಕೆಟ್ ಎರಡನ್ನೂ ದಾಟುವುದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯಲು ಒಂದು ಮಾತು ನೆನಪಿಡಬೇಕು. ಎನ್‌ಬಿಎ ಆಟಗಾರನಿಗೆ 82 ಅವಕಾಶ. ರಣಜಿಯಲ್ಲಿ ಆಗ ದಕ್ಷಿಣ ವಲಯದ ಲೀಗ್ ಇತ್ತು. ತಮಿಳುನಾಡು, ಹೈದರಾಬಾದ್, ಆಂಧ್ರ, ಕೇರಳ, ಗೋವಾ, ಈ ಐದು ತಂಡಗಳ ಜತೆ ಆಡಿ, ಮುಂದಿನ ಹಂತಕ್ಕೆ ಹೋದರೆ ಇನ್ನಷ್ಟು ಪಂದ್ಯ. ಫೈನಲ್ ತಲುಪಿದ ತಂಡಕ್ಕೂ ಎಲ್ಲ ಸೇರಿ ಹತ್ತರ ಆಸುಪಾಸು. ಅಷ್ಟರಲ್ಲೇ ಬೌಲರ್ ಆಗಿ ತಂಡವನ್ನು ಹೊರಬೇಕು, ಕೆಳಕ್ರಮಾಂಕದಲ್ಲಿ ಬಂದು ಬ್ಯಾಟರ್‌ನಂತೆ ರನ್ ಗಳಿಸಬೇಕು. ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮೂವರೂ ಆಗಾಗ ಭಾರತ ತಂಡದ ಕೆಲಸಕ್ಕೆ ಹೋಗುತ್ತಿದ್ದ ಕಾಲ ಅದು. ರಾಜ್ಯ ತಂಡದ ಬೌಲಿಂಗ್ ಹೊರೆ ಜೋಶಿ, ದೊಡ್ಡ ಗಣೇಶ್, ಡೇವಿಡ್ ಜಾನ್ಸನ್, ಅನಂತ್ ಅವರ ಹೆಗಲಿಗೆ ಬಿದ್ದಿತ್ತು. ಆ ವರ್ಷ ಕುಂಬ್ಳೆ ನಾಯಕತ್ವದಲ್ಲಿ ಕರ್ನಾಟಕ, ಫೈನಲ್‌ನಲ್ಲಿ ತಮಿಳುನಾಡನ್ನು ಹಿಂದಿಕ್ಕಿ ರಣಜಿ ಗೆದ್ದಿತು.

ಗೌರವದ ಕಲಮಿನಲ್ಲಿ ಇದಕ್ಕೆ ಬಂದದ್ದು ಬೆಳ್ಳಿ ಫಲಕವಲ್ಲ, ಇಂಗ್ಲೆಂಡಿನ ಟಿಕೆಟ್.

1996ರ ಜೂನ್ 6, ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್. ಜೋಶಿಯವರ 26ನೇ ಹುಟ್ಟುಹಬ್ಬವೂ ಟೆಸ್ಟ್ ಪದಾರ್ಪಣೆಯೂ ಒಂದೇ ದಿನ. ಆ ಹನ್ನೊಂದರಲ್ಲಿ ಕರ್ನಾಟಕದವರೇ ನಾಲ್ವರು: ಜೋಶಿ, ಕುಂಬ್ಳೆ, ಶ್ರೀನಾಥ್, ಪ್ರಸಾದ್. ಅದೃಷ್ಟ ಅಲ್ಲಿಗೇ ಮುಗಿಯಿತು. ಕೈಬೆರಳಿಗೆ ಪೆಟ್ಟಾಗಿ ಅವರು ಬೌಲಿಂಗ್ ಮಾಡಲೇ ಇಲ್ಲ. ಎರಡು ವಾರದ ಬಳಿಕ ಲಾರ್ಡ್ಸ್‌ನಲ್ಲಿ ನಡೆದ ಎರಡನೇ ಟೆಸ್ಟ್‌ಗೆ ಸಂಜಯ್ ಮಾಂಜ್ರೇಕರ್ ಮತ್ತು ಜೋಶಿ ಹೊರಗೆ, ಇಬ್ಬರು ಹೊಸಬರು ಒಳಗೆ. ಆ ಹೊಸಬರ ಹೆಸರು ಸೌರವ್ ಗಂಗೂಲಿ ಮತ್ತು ರಾಹುಲ್ ದ್ರಾವಿಡ್. ಒಬ್ಬರು 131, ಇನ್ನೊಬ್ಬರು 95. ಗದಗಿನವರ ಬೆರಳಿನ ಪೆಟ್ಟಿಗೂ ಭಾರತೀಯ ಕ್ರಿಕೆಟ್ಟಿನ ಒಂದು ಯುಗಕ್ಕೂ ಹೀಗೊಂದು ನಂಟು!

ಅದೇ ವರ್ಷದ ಅಕ್ಟೋಬರ್ 21ರಂದು ಟೈಟಾನ್ ಕಪ್‌ನ ಪಂದ್ಯ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆಯಿತು. ಕೊನೆಯಲ್ಲಿ ಶ್ರೀನಾಥ್–ಕುಂಬ್ಳೆ ಜೋಡಿ ಗೆಲ್ಲಿಸಿಕೊಟ್ಟ ಆ ರಾತ್ರಿಯನ್ನು ಕನ್ನಡಿಗರು ಇನ್ನೂ ಮರೆತಿಲ್ಲ. ಅಂದು ಭಾರತದ ಹನ್ನೊಂದರಲ್ಲಿ ಆರು ಮಂದಿ ನಮ್ಮ ರಾಜ್ಯದವರು. ಸುಜಿತ್ ಸೋಮಸುಂದರ್, ದ್ರಾವಿಡ್, ಜೋಶಿ, ಕುಂಬ್ಳೆ, ಶ್ರೀನಾಥ್, ಪ್ರಸಾದ್. ಮುಂದಿನ ತಿಂಗಳು ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಜೋಶಿಗೆ ನಾಲ್ಕು ವಿಕೆಟ್. ಎರಡನೇ ಇನಿಂಗ್ಸ್‌ನಲ್ಲಿ ಶ್ರೀನಾಥ್ 21 ರನ್ನಿಗೆ ಆರು ವಿಕೆಟ್ ಕಿತ್ತದ್ದೇ ಎಲ್ಲರ ಬಾಯಲ್ಲಿ ಉಳಿಯಿತು. ಅದು ನ್ಯಾಯವೇ. ಆದರೂ ಜೋಶಿಯವರ ಪಟ್ಟಿಯಲ್ಲಿ ಇಂಥ ಸಾಲುಗಳು ಬಹಳ: ಕೆಲಸ ಆಗಿರುತ್ತದೆ, ಕಣ್ಣು ಇನ್ನೊಬ್ಬರ ಮೇಲಿರುತ್ತದೆ.

ಇದಕ್ಕೆ ಕಾರಣ ಅವರ ಕೈಚಳಕದ ಕೊರತೆ ಎನ್ನುವುದಕ್ಕಿಂತ ಕಾಲದ ಲೆಕ್ಕಾಚಾರ ಎನ್ನುವುದು ಸರಿ. ಕುಂಬ್ಳೆ ಇದ್ದ ತಂಡದಲ್ಲಿ ಎರಡನೇ ಸ್ಪಿನ್ನರ್‌ಗೆ ಸಿಗುವುದು ಉಳಿದ ಓವರ್. ವಿದೇಶಕ್ಕೆ ಹೋದರೆ ಎರಡನೇ ಸ್ಪಿನ್ನರ್ ಬೇಕೇ ಬೇಡವೇ ಎಂಬ ಚರ್ಚೆ. ತವರಿನಲ್ಲಿ ಆಡಿದರೆ ಮೊದಲ ಆಯ್ಕೆ ಕುಂಬ್ಳೆ, ಜೊತೆಗಾರ ಯಾರು ಎಂಬುದು ಸರಣಿಯಿಂದ ಸರಣಿಗೆ ಬದಲು. 1996ರಿಂದ 2000ದವರೆಗೆ ಜೋಶಿಗೆ ಸಿಕ್ಕ ಟೆಸ್ಟ್ 15. ಒಂದೇ ಉಸಿರಿಗೆ ಸಿಕ್ಕವಲ್ಲ, ಬಿಡಿಬಿಡಿಯಾಗಿ ಸಿಕ್ಕವು.

ನೈರೋಬಿಯ ದಿನ ಮಾತ್ರ ಯಾರ ಕಣ್ಣೂ ಬೇರೆಡೆ ಹೋಗಲು ಆಗಲಿಲ್ಲ. 1999ರ ಸೆಪ್ಟೆಂಬರ್ 26, ಎಲ್‌ಜಿ ಕಪ್, ಎದುರಾಳಿ ದಕ್ಷಿಣ ಆಫ್ರಿಕಾ. ಆ ಪಂದ್ಯದ ಸ್ಕೋರ್ ಪುಸ್ತಕದಲ್ಲಿ ಜೋಶಿಯವರ ಅಡ್ಡಸಾಲನ್ನು ಹತ್ತಿರದಿಂದ ನೋಡಬೇಕು. ಸ್ಕೋರರ್ ಪ್ರತಿ ಓವರಿಗೆ ಒಂದು ಚೌಕ ಇಡುತ್ತಾನೆ. ರನ್ ಬಾರದ ಎಸೆತಕ್ಕೆ ಒಂದು ಚುಕ್ಕೆ. ಮೂರರಂತೆ ಎರಡು ಸಾಲು. ಓವರ್ ಪೂರ್ತಿ ಚುಕ್ಕೆಯೇ ಆದರೆ ಆರನ್ನೂ ಗೆರೆಯಿಂದ ಕೂಡಿಸಿ ‘ಎಂ’ ಬರೆಯುತ್ತಾನೆ, ಅಂದರೆ ಮೇಡನ್. ಆ ಮೇಡನ್ನಿನಲ್ಲಿ ವಿಕೆಟ್ಟೂ ಬಿದ್ದಿದ್ದರೆ ಗೆರೆಯನ್ನು ತಿರುಗಿಸಿ ‘ಡಬ್ಲ್ಯು’ ಮಾಡುತ್ತಾನೆ. ಹತ್ತು ಚೌಕಗಳಲ್ಲಿ ಆರು ಹೀಗೆ ಗೆರೆ ಎಳೆಸಿಕೊಂಡವು. ಉಳಿದ ನಾಲ್ಕರಲ್ಲಿ ಸೇರಿ ಆರೇ ರನ್. ಐದು ವಿಕೆಟ್: ಡಿಪೆನಾರ್, ಗಿಬ್ಸ್, ಕ್ರೋನ್ಯೆ, ಜಾಂಟಿ ರೋಡ್ಸ್, ಶಾನ್ ಪೊಲಾಕ್. 10-6-6-5 ಎಂಬ ಈ ನಾಲ್ಕು ಅಂಕಿಯನ್ನು ಕ್ರಿಕೆಟ್ ಹುಚ್ಚಿನವರು ಇವತ್ತಿಗೂ ದೂರವಾಣಿ ಸಂಖ್ಯೆಯಂತೆ ಬಾಯಿಪಾಠ ಹೇಳುತ್ತಾರೆ. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್; ಭಾರತಕ್ಕೆ ಎಂಟು ವಿಕೆಟ್ ಜಯ.

ಔಟಾದವರಲ್ಲಿ ಬಾಲಂಗೋಚಿಗಳಿಲ್ಲ ಎಂಬುದನ್ನು ಗಮನಿಸಬೇಕು. ಏಕದಿನ ಪಂದ್ಯದಲ್ಲಿ ಇದಕ್ಕೂ ಜಿಪುಣತನದ ಲೆಕ್ಕಗಳಿವೆ. ವೆಸ್ಟ್ ಇಂಡೀಸ್‌ನ ಫಿಲ್ ಸಿಮನ್ಸ್ 1992ರಲ್ಲಿ ಸಿಡ್ನಿಯಲ್ಲಿ ಪಾಕಿಸ್ತಾನದ ವಿರುದ್ಧ ಹತ್ತು ಓವರಿಗೆ ಮೂರೇ ರನ್ ಕೊಟ್ಟು ನಾಲ್ಕು ವಿಕೆಟ್ ಪಡೆದಿದ್ದರು. 1975ರ ವಿಶ್ವಕಪ್‌ನಲ್ಲಿ ಬಿಷನ್ ಸಿಂಗ್ ಬೇಡಿ ಹನ್ನೆರಡು ಓವರಿನಲ್ಲಿ ಕೊಟ್ಟದ್ದೂ ಆರೇ ರನ್, ಅವರೂ ಎಡಗೈ ಸ್ಪಿನ್ನರ್; ಆದರೆ ಎದುರಿಗಿದ್ದದ್ದು ಪೂರ್ವ ಆಫ್ರಿಕಾ ತಂಡ, ಸಿಕ್ಕದ್ದು ಒಂದು ವಿಕೆಟ್. ಕ್ರೋನ್ಯೆ ಪಡೆಯ ಎದುರು ಆರು ರನ್ನಿಗೆ ಐದು ಎಂಬುದು ಬೇರೆಯೇ ತೂಕ. ಅದೇ ಪಂದ್ಯದಲ್ಲಿ ಕರ್ನಾಟಕದ ಇನ್ನೊಬ್ಬ, ವಿಜಯ್ ಭಾರದ್ವಾಜ್, ಭಾರತಕ್ಕೆ ಮೊದಲ ಬಾರಿ ಆಡಿದರು, ಕೊನೆಗೆ ಸರಣಿಶ್ರೇಷ್ಠರೂ ಆದರು. ಕಪ್ ದಕ್ಷಿಣ ಆಫ್ರಿಕಾಕ್ಕೇ ಹೋಯಿತು ಎಂಬುದು ಬೇರೆ ಮಾತು.

ನಡುವೆ ರಾಜ್ಯ ತಂಡದ ಸಾಲುಗಳು ಬೆಳೆಯುತ್ತಲೇ ಇದ್ದವು. 1997-98ರಲ್ಲಿ ದ್ರಾವಿಡ್ ನಾಯಕತ್ವದಲ್ಲಿ ಉತ್ತರ ಪ್ರದೇಶವನ್ನು ಸೋಲಿಸಿ ಮತ್ತೆ ರಣಜಿ. 1998-99ರಲ್ಲಿ ನಾಯಕ ಸ್ವತಃ ಜೋಶಿ. ಬೆಂಗಳೂರಿನ ಫೈನಲ್‌ನಲ್ಲಿ ಮಧ್ಯಪ್ರದೇಶ ಮೊದಲ ಇನಿಂಗ್ಸ್ ಮುನ್ನಡೆ ಪಡೆದಿತ್ತು. ಪಂದ್ಯ ಡ್ರಾ ಆಗಿದ್ದರೂ ಸಾಕು, ಟ್ರೋಫಿ ಅವರದು. ಕೊನೆಯ ದಿನ ಭಾರದ್ವಾಜ್ 24 ರನ್ನಿಗೆ ಆರು ವಿಕೆಟ್ ಪಡೆದು ಅವರನ್ನು 150ಕ್ಕೆ ಕೆಡವಿದರು. ಪ್ರಸನ್ನ, ಬ್ರಿಜೇಶ್ ಪಟೇಲ್, ಕುಂಬ್ಳೆ, ದ್ರಾವಿಡ್ ಅವರ ನಂತರ ಕರ್ನಾಟಕಕ್ಕೆ ರಣಜಿ ಎತ್ತಿದ ನಾಯಕರ ಸಾಲಿನಲ್ಲಿ ಗದಗಿನ ಹೆಸರು ಸೇರಿತು. ಆಮೇಲೆ ವಿನಯ್ ಕುಮಾರ್ ತಂಡ 2013-14ರಲ್ಲಿ ಗೆಲ್ಲುವ ತನಕ ರಾಜ್ಯಕ್ಕೆ ಆ ಟ್ರೋಫಿ ಮತ್ತೆ ಬರಲಿಲ್ಲ. ನೈರೋಬಿಯ ಹತ್ತು ಓವರಿಗಿಂತ ಈ ಸಾಲಿಗೆ ಹೆಚ್ಚಿನ ಬೆಲೆ ಕಟ್ಟಬೇಕು. ಟಿವಿಯಲ್ಲಿ ಮರುಪ್ರಸಾರವಾಗುವುದು ಮಾತ್ರ ಇದಲ್ಲ.

ಈಗ ಢಾಕಾಕ್ಕೆ ಮರಳಬಹುದು. ಭುಜದ ನೋವಿನಿಂದ ಕುಂಬ್ಳೆ ಹೊರಗಿದ್ದರು; ಜೋಶಿ ಮತ್ತು ಮುರಳಿ ಕಾರ್ತಿಕ್ ಸ್ಪಿನ್ ಜೋಡಿ. ಟಾಸ್ ಗೆದ್ದ ಬಾಂಗ್ಲಾದೇಶ ಅಮಿನುಲ್ ಇಸ್ಲಾಂ ಅವರ 145ರಿಂದ 400 ರನ್ ಕಲೆಹಾಕಿ ಭಾರತೀಯರಿಗೆ ಬೆವರಿಳಿಸಿತು. ಜೋಶಿ 142 ರನ್ ಕೊಟ್ಟು ಐದು ವಿಕೆಟ್ ಪಡೆದರು. ಭಾರತದ ಬ್ಯಾಟಿಂಗ್‌ಗೆ ನಾಯಕ ನೈಮುರ್ ರಹಮಾನ್ ಆರು ವಿಕೆಟ್ ಕಿತ್ತು ಕಾಟ ಕೊಟ್ಟರು. ಗಂಗೂಲಿ 84 ಹೊಡೆದರು, ಕೆಳಗಿಂದ ಬಂದ ಜೋಶಿ 92 ಹೊಡೆದರು. ಮೊತ್ತ 429. ಎಂಟು ರನ್ ಬಂದಿದ್ದರೆ ಶತಕವೂ ಆಗುತ್ತಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಬಾಂಗ್ಲಾ 91ಕ್ಕೆ ಕುಸಿಯಿತು. ಜೋಶಿಗೆ 27ಕ್ಕೆ ಮೂರು. ಟೆಸ್ಟ್‌ನಲ್ಲಿ ಅವರ ಏಕೈಕ ಐದು ವಿಕೆಟ್ ಗೊಂಚಲು, ಏಕೈಕ ಅರ್ಧಶತಕ, ಎರಡೂ ಈ ಒಂದೇ ಪಂದ್ಯದಲ್ಲಿವೆ. ಅವರ ಒಟ್ಟು 352 ಟೆಸ್ಟ್ ರನ್ನಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಢಾಕಾದವು.

ವಾರದೊಳಗೆ ಜಿಂಬಾಬ್ವೆ ಬಂತು. ಜೊತೆಗೆ ಆ್ಯಂಡಿ ಫ್ಲವರ್ ಬಂದರು. ಸ್ಪಿನ್ನರ್ ಎಸೆದ ಚೆಂಡನ್ನು ಬ್ಯಾಟು ತಿರುಗಿಸಿ ಹಿಂದಕ್ಕೆ ಗುಡಿಸುವ ರಿವರ್ಸ್ ಸ್ವೀಪ್ ಅವರ ಕೈಗೆ ನೀರು ಕುಡಿದಷ್ಟು ಸಲೀಸು. ದೆಹಲಿಯಲ್ಲಿ ಔಟಾಗದೆ 183 ಮತ್ತು 70, ನಾಗಪುರದಲ್ಲಿ 55 ಮತ್ತು ಔಟಾಗದೆ 232. ಎರಡು ಟೆಸ್ಟ್‌ನಲ್ಲಿ 540 ರನ್. ಆ ಸರಣಿಯಲ್ಲಿ ಫ್ಲವರ್ ಎದುರು ಚೆಂಡು ತಿರುಗಿಸಿದ ಯಾವ ಸ್ಪಿನ್ನರ್‌ನ ಅಂಕಿಯೂ ಚಂದ ಕಾಣಲಿಲ್ಲ. ಆಯ್ಕೆದಾರರ ನೆನಪಿನಲ್ಲಿ ಉಳಿದದ್ದು ಢಾಕಾಕ್ಕಿಂತ ನಾಗಪುರ.

ಮುಂದಿನ ಸರಣಿ 2001ರ ಆಸ್ಟ್ರೇಲಿಯಾದ್ದು. ಹರಭಜನ್ ಮೂರು ಟೆಸ್ಟ್‌ನಲ್ಲಿ 32 ವಿಕೆಟ್ ಕಿತ್ತ ಸರಣಿ ಎಂದು ಎಲ್ಲರಿಗೂ ಗೊತ್ತು. ಅವರ ಜೊತೆಗೆ ಇನ್ನೊಂದು ತುದಿಯಲ್ಲಿ ಯಾರಿದ್ದರು ಎಂದು ಕೇಳಿದರೆ ಕಟ್ಟೆಯ ಪಂಡಿತರೂ ತಡವರಿಸುತ್ತಾರೆ. ಮುಂಬೈಯಲ್ಲಿ ರಾಹುಲ್ ಸಾಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ. ಮೂರು ಟೆಸ್ಟ್, ಮೂವರು ಬೇರೆ ಬೇರೆ ಎಡಗೈ ಸ್ಪಿನ್ನರ್‌ಗಳು. ನಾಲ್ಕು ತಿಂಗಳ ಹಿಂದೆ ಪಂದ್ಯಶ್ರೇಷ್ಠರಾಗಿದ್ದವರು ಆ ಮೂವರಲ್ಲಿ ಇರಲಿಲ್ಲ. ಟೆಸ್ಟ್ ಸರಣಿ ಮುಗಿದ ಮೇಲೆ ನಡೆದ ಏಕದಿನ ಪಂದ್ಯಗಳಿಗೆ ಕರೆ ಬಂತು. ಮಾರ್ಚ್ 28ರ ಪುಣೆಯ ಪಂದ್ಯವೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಆಯ್ಕೆ ತಪ್ಪು ಎಂದು ಈಗ ಹೇಳುವುದು ಸುಲಭ, ಸರಣಿಯನ್ನಂತೂ ಭಾರತ ಗೆದ್ದಿತು. ಆದರೂ ಒಬ್ಬನನ್ನು ಬಿಟ್ಟು ಮೂವರನ್ನು ಪರೀಕ್ಷಿಸಿದ್ದಕ್ಕೆ ಕ್ರಿಕೆಟ್ಟಿನ ತರ್ಕ ಸಿಗುವುದು ಕಷ್ಟ.

ಎಡಗೈ ಸ್ಪಿನ್ನರ್‌ಗಳಿಗೆ ಈ ದೇಶದಲ್ಲಿ ಈ ಪಾಡು ಹೊಸದಲ್ಲ. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದರು, ಅದು ದಾಖಲೆ. ಬೇಡಿ ಇದ್ದ ಕಾಲವಾದ್ದರಿಂದ ಒಂದೂ ಟೆಸ್ಟ್ ಸಿಗಲಿಲ್ಲ. ಮುಂಬೈಯ ಪದ್ಮಾಕರ್ ಶಿವಾಳ್ಕರ್ ಅವರದೂ ಅದೇ ಕತೆ. ನಮ್ಮವರೇ ಆದ ರಘುರಾಮ್ ಭಟ್ ಎರಡು ಟೆಸ್ಟ್‌ಗೆ ನಿಂತರು. ಆ ಲೆಕ್ಕದಲ್ಲಿ 15 ಟೆಸ್ಟ್ ಎಂದರೆ ಜೋಶಿ ಪುಣ್ಯವಂತರೇ.

ಪಟ್ಟಿಯ ಬುಡಕ್ಕೆ ಬಂದು ಸ್ವಲ್ಪ ಗಣಿತ ಮಾಡೋಣ. ಪ್ರಥಮ ದರ್ಜೆ ಕ್ರಿಕೆಟ್ ಎಂದರೆ ಟೆಸ್ಟ್, ರಣಜಿ, ದುಲೀಪ್, ಇರಾನಿ ಮುಂತಾದ ಹಲವು ದಿನದ ಪಂದ್ಯಗಳೆಲ್ಲ ಸೇರಿದ ಲೆಕ್ಕ. ಅದರಲ್ಲಿ ಜೋಶಿಯವರದು 160 ಪಂದ್ಯ, 615 ವಿಕೆಟ್, 5,129 ರನ್. ಬೌಲಿಂಗ್ ಸರಾಸರಿ 25.12, ಒಂದು ವಿಕೆಟ್ ಪಡೆಯಲು ಕೊಟ್ಟ ರನ್ ಇದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಟೆಸ್ಟ್‌ನ 15 ಪಂದ್ಯ, 41 ವಿಕೆಟ್ಟನ್ನು ಇದರಿಂದ ಕಳೆದರೆ ಉಳಿಯುವುದು 145 ಪಂದ್ಯಕ್ಕೆ 574 ವಿಕೆಟ್. ಅಂದರೆ ಪಂದ್ಯಕ್ಕೆ ಹೆಚ್ಚುಕಡಿಮೆ ನಾಲ್ಕು. ಟೆಸ್ಟ್‌ನಲ್ಲಿ ಪಂದ್ಯಕ್ಕೆ ಮೂರೂ ಇಲ್ಲ, ಸರಾಸರಿ 35.85. ಏಕದಿನದಲ್ಲಿ 69 ಪಂದ್ಯಕ್ಕೆ ಸರಿಯಾಗಿ 69 ವಿಕೆಟ್, ಅವುಗಳಲ್ಲಿ ಐದು ನೈರೋಬಿಯ ಆ ಒಂದೇ ದಿನದವು.

ಈ ಅಂತರವನ್ನು ಎರಡು ರೀತಿ ಓದಬಹುದು. ದೊಡ್ಡ ವೇದಿಕೆಯಲ್ಲಿ ಅವರ ಚೆಂಡಿಗೆ ಮೊನೆ ಸಾಲಲಿಲ್ಲ ಎಂಬುದು ಒಂದು ಓದು. ರಣಜಿಯಲ್ಲಿ ಮೊದಲ ಬೌಲರ್ ಆಗಿ ದಿನವಿಡೀ ಚೆಂಡು ಹಿಡಿದವರಿಗೆ ಟೆಸ್ಟ್‌ನಲ್ಲಿ ಕುಂಬ್ಳೆ ಉಳಿಸಿದ ಓವರ್ ಸಿಕ್ಕವು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ತೂಗಿದರೆ ಎರಡನೆಯದೇ ಹೆಚ್ಚು ತೂಗುತ್ತದೆ. ಕುಂಬ್ಳೆ ಇಲ್ಲದ ಢಾಕಾದಲ್ಲಿ ಏನಾಯಿತು ಎಂಬುದು ಕಣ್ಣೆದುರಿಗಿದೆ.

ಬ್ಯಾಸ್ಕೆಟ್‌ಬಾಲ್ ಪಟ್ಟಿ ಓದುವವರು ಒಂದು ಜಾಣತನ ಕಲಿತಿರುತ್ತಾರೆ. ಸರಾಸರಿಯ ಪಕ್ಕದ ಪಂದ್ಯಗಳ ಸಂಖ್ಯೆಯನ್ನು ಅವರು ಮೊದಲು ನೋಡುತ್ತಾರೆ. ಜೋರ್ಡನ್ ಪಟ್ಟಿಯಲ್ಲೂ 1985-86ರಲ್ಲಿ 18 ಪಂದ್ಯವಷ್ಟೇ. ಪಾದದ ಮೂಳೆ ಮುರಿದಿತ್ತು. 1993-94ರ ಸಾಲೇ ಇಲ್ಲ; ಅವರು ಬೇಸ್‌ಬಾಲ್ ಆಡಲು ಹೋಗಿದ್ದರು. ಮರುವರ್ಷ 17 ಪಂದ್ಯ. ಖಾಲಿ ಜಾಗಕ್ಕೂ ಅರ್ಥ ಇರುತ್ತದೆ. ಜೋಶಿಯವರ ಟೆಸ್ಟ್ ಕಲಮು 2000ದಲ್ಲಿ ನಿಂತುಹೋದರೂ ಎಡಪಕ್ಕದ ಪ್ರಥಮ ದರ್ಜೆಯ ಕಲಮು ಇನ್ನೂ ಹತ್ತು ವರ್ಷ ಕೆಳಕ್ಕೆ ಇಳಿಯುತ್ತದೆ, 2010-11ರವರೆಗೆ. ಮತ್ತೆ ಕರೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೂ ಆಡಿದ ವರ್ಷಗಳು ಅವು. ನಡುವೆ ಐಪಿಎಲ್ ಶುರುವಾದಾಗ 37ರ ವಯಸ್ಸಿನಲ್ಲಿ ರಾಯಲ್ ಚಾಲೆಂಜರ್ಸ್ ಪರ ಕೆಲವು ಪಂದ್ಯ ಆಡಿದರು.

ರಾಯಚೂರಿನಲ್ಲಿ ಹುಟ್ಟಿದ ಯರೇ ಗೌಡ ಅವರ ಪಟ್ಟಿಯನ್ನೂ ಇದರ ಪಕ್ಕ ಇಡಬೇಕು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ಭಾಗವಾಗಿದ್ದಾಗಲೇ ಪ್ರಥಮ ದರ್ಜೆಗೆ ಬಂದ ಬ್ಯಾಟರ್ ಅವರು. ಕರ್ನಾಟಕದ ಮಧ್ಯಮ ಕ್ರಮಾಂಕದಲ್ಲಿ ಜಾಗ ಇಕ್ಕಟ್ಟಾಗಿದ್ದ ಕಾಲದಲ್ಲಿ ರೈಲ್ವೇಸ್ ಸೇರಿದರು. ಆ ತಂಡ 2001-02 ಮತ್ತು 2004-05ರಲ್ಲಿ ರಣಜಿ ಗೆದ್ದಾಗ ಅದರ ಬ್ಯಾಟಿಂಗಿನ ಬೆನ್ನೆಲುಬು ಅವರೇ. ಪ್ರಥಮ ದರ್ಜೆಯಲ್ಲಿ 7,000ಕ್ಕೂ ಹೆಚ್ಚು ರನ್ ಗಳಿಸಿದರು. ಅಂತರರಾಷ್ಟ್ರೀಯ ಕಲಮು ಪೂರ್ತಿ ಖಾಲಿ. ದ್ರಾವಿಡ್, ಲಕ್ಷ್ಮಣ್ ಆಡುತ್ತಿದ್ದ ಕಾಲದಲ್ಲಿ ಮಧ್ಯಮ ಕ್ರಮಾಂಕದ ಬ್ಯಾಟರ್ ಆಗಿ ಹುಟ್ಟಿದ್ದೇ ಅವರ ತಪ್ಪು ಎನ್ನಬೇಕು.

ಆಟ ಬಿಟ್ಟ ಮೇಲಿನ ಜೋಶಿಯವರ ಕೆಲಸ ಯಾವ ಅಂಕಿಪಟ್ಟಿಗೂ ಸೇರುವುದಿಲ್ಲ. 2014ರ ಡಿಸೆಂಬರಿನಲ್ಲಿ ಜಮ್ಮು–ಕಾಶ್ಮೀರ ತಂಡ ವಾಂಖೆಡೆಯಲ್ಲಿ, ಆಗ 40 ಬಾರಿಯ ಚಾಂಪಿಯನ್ ಆಗಿದ್ದ ಮುಂಬೈಯನ್ನು ಮಣಿಸಿದಾಗ ಕೋಚ್ ಅವರು. 2017ರಲ್ಲಿ ಬಾಂಗ್ಲಾದೇಶದ ಸ್ಪಿನ್ ಸಲಹೆಗಾರರಾಗಿ ಢಾಕಾಕ್ಕೇ ಮರಳಿದರು. ಆ ಆಗಸ್ಟಿನಲ್ಲೇ ಬಾಂಗ್ಲಾ ಆಸ್ಟ್ರೇಲಿಯಾವನ್ನು ಟೆಸ್ಟ್‌ನಲ್ಲಿ ಸೋಲಿಸಿತು, ಹತ್ತು ವಿಕೆಟ್ ಪಡೆದವರು ಎಡಗೈ ಸ್ಪಿನ್ನರ್ ಶಕೀಬ್. 2020ರ ಮಾರ್ಚ್‌ನಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ಅಕ್ಟೋಬರಿನಲ್ಲಿ ಅವರ ಸಮಿತಿ ಆರಿಸಿ ಕಳಿಸಿದ ತಂಡವೇ 2021ರ ಜನವರಿ 19ರಂದು ಗಾಬಾದಲ್ಲಿ ಆಸ್ಟ್ರೇಲಿಯಾವನ್ನು ಕೆಡವಿದ್ದು. ಮೂವರು ಎಡಗೈ ಸ್ಪಿನ್ನರ್‌ಗಳ ಸರಣಿಯಲ್ಲಿ ಹೊರಗೆ ಉಳಿದವರು, ಯಾರು ಒಳಗೆ ಯಾರು ಹೊರಗೆ ಎಂದು ಹೇಳುವ ಕುರ್ಚಿಯಲ್ಲಿ ಕೂತರು.

ಕೊಪ್ಪಳ ಸೀಮೆಗೆ ಈ ಕತೆಯಿಂದ ಬೇಕಾದದ್ದು ಹೆಮ್ಮೆಗಿಂತ ಹೆಚ್ಚಾಗಿ ಒಂದು ಅಭ್ಯಾಸ. ದಾರಿ ಈಗ ಮೊದಲಿನಷ್ಟು ದೂರವಿಲ್ಲ. ಗಂಗಾವತಿಗೆ 2019ರಲ್ಲಿ ರೈಲು ಬಂತು. 2025ರಲ್ಲಿ ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಓಡತೊಡಗಿತು, ಯಲಬುರ್ಗಾ ಅದೇ ಹಾದಿಯಲ್ಲಿದೆ. ಹುಬ್ಬಳ್ಳಿಯ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ಕೊರತೆ ಇರುವುದು ಬರವಣಿಗೆಯಲ್ಲಿ. ನಮ್ಮ ತಾಲ್ಲೂಕುಗಳ ಬೇಸಿಗೆ ಟೂರ್ನಿಗಳಲ್ಲಿ ಫ್ಲೆಕ್ಸ್ ಇರುತ್ತದೆ, ಮೈಕ್ ಇರುತ್ತದೆ, ಆಳೆತ್ತರದ ಕಪ್ ಇರುತ್ತದೆ. ಸ್ಕೋರ್ ಮಾತ್ರ ಮೊಬೈಲಿನಲ್ಲೋ ನೋಟ್‌ಬುಕ್ಕಿನ ಹರಿದ ಹಾಳೆಯಲ್ಲೋ ಇದ್ದು ಸಂಜೆಗೆ ಮಾಯ. ಯಾರು ಎಷ್ಟು ಓವರ್ ಮಾಡಿದರು, ಎಷ್ಟು ಮೇಡನ್, ಮೂರು ವರ್ಷದಿಂದ ಒಬ್ಬ ಹುಡುಗ ಎಷ್ಟು ವಿಕೆಟ್ ಪಡೆಯುತ್ತಿದ್ದಾನೆ ಎಂಬುದಕ್ಕೆ ಕಾಗದವೇ ಇರುವುದಿಲ್ಲ. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಕಬಡ್ಡಿ ಅಂಕಣಗಳಲ್ಲೂ ಇದೇ ಗತಿ.

ಬರುವ ಬೇಸಿಗೆಯ ಟೂರ್ನಿಗೆ ಚಂದಾ ಎತ್ತುವ ಸಂಘಗಳು ಕಪ್ಪಿನ ಎತ್ತರ ಒಂದು ಗೇಣು ಕಡಿಮೆ ಮಾಡಿ ಒಂದು ಸ್ಕೋರ್ ಪುಸ್ತಕ ಕೊಳ್ಳಲಿ. ಪ್ರತಿ ಆಟಗಾರನ ಪೂರ್ತಿ ಹೆಸರು, ಊರು, ಓವರಿಗೆ ಓವರ್ ಲೆಕ್ಕ ಅದರಲ್ಲಿ ಬರೆಸಲಿ. ಟೂರ್ನಿ ಮುಗಿದ ಮೇಲೆ ಪುಸ್ತಕವನ್ನು ಊರಿನ ಪ್ರೌಢಶಾಲೆಯ ಪಿ.ಟಿ. ಮಾಸ್ತರರ ಹತ್ತಿರ ಇಡಲಿ, ರಾಯಚೂರು ವಲಯದ ಆಯ್ಕೆಗೆ ಹೋಗುವ ಹುಡುಗ ಹುಡುಗಿಯರ ಕೈಗೆ ಅದರ ಜೆರಾಕ್ಸ್ ಪ್ರತಿ ಕೊಟ್ಟು ಕಳಿಸಲಿ.